ಬಾಗಿಲಾಚೆಯ ಚಪ್ಪಾಳೆ

ವಾರಕ್ಕೊಂದು ಸಂಜೆ ಆ ಕಟ್ಟಡದ ಲಿಫ್ಟಿಗೆ ಮುಪ್ಪು ಬರುತ್ತಿತ್ತು. ಉಳಿದ ದಿನ ಕರೆದ ಕೂಡಲೇ ಓಡಿ ಬರುವ ಲಿಫ್ಟು ಆವತ್ತು ಮಾತ್ರ ಮಹಡಿ ಮಹಡಿಗೂ ನಿಂತು, ಯಾರೂ ಹತ್ತದಿದ್ದರೂ ಬಾಗಿಲು ತೆರೆದು, ಯಾರೂ ಇಳಿಯದಿದ್ದರೂ ಬಾಗಿಲು ಮುಚ್ಚಿ, ಏದುಸಿರು ಬಿಡುತ್ತಾ ಹೇಗೋ ಮೇಲಕ್ಕೆ ಹೋಗಿ ಸೇರುತ್ತಿತ್ತು. ಮನೆಯವರು ದೂರು ಕೊಟ್ಟರು. ರಿಪೇರಿಯವನು ಬಂದು ಮೋಟಾರು ಬಿಚ್ಚಿ ನೋಡಿ, ಎಣ್ಣೆ ಬಿಟ್ಟು, ಏನೂ ಆಗಿಲ್ಲವಲ್ಲ ಎಂದು ತಲೆ ಕೆರೆದುಕೊಂಡು ಹೋದ. ನಿಜಕ್ಕೂ ಲಿಫ್ಟಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಅದರೊಳಗೆ ಸ್ಟೂಲಿನ ಮೇಲೆ ಕೂತು ಹಿಡಿಕೆ ತಿರುಗಿಸುತ್ತಿದ್ದ ಲಿಫ್ಟಣ್ಣನಿಗೆ.

ಅದು ಟಿವಿಯಲ್ಲಿ ‘ಒಂದೇ ನಿಮಿಷ, ಬಂದೆ’ ಬರುವ ಹೊತ್ತು. ಆಗಿನ ಕಾಲದವರಿಗೆ ಆ ಹಾಸ್ಯ ಧಾರಾವಾಹಿಯ ಪರಿಚಯ ಮಾಡಿಕೊಡಬೇಕಿಲ್ಲ. ಈಗಿನವರಿಗೆ ಎರಡು ಮಾತು ಹೇಳಿದರೆ ಸಾಕು. ಅದರಲ್ಲೊಬ್ಬ ಗುಮಾಸ್ತ. ಯಾರು ಕರೆದರೂ ‘ಒಂದೇ ನಿಮಿಷ, ಬಂದೆ’ ಎನ್ನುತ್ತಾನೆ, ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ. ಸಮಾರಂಭಕ್ಕೆ ಹೋದರೆ ಕುರ್ಚಿ ಮಡಚುತ್ತಿರುತ್ತಾರೆ, ರೈಲಿಗೆ ಹೋದರೆ ಬರೀ ಹಳಿ ಇರುತ್ತದೆ. ಅವನಿಗೊಬ್ಬ ಬಾಯಿ ಜೋರಿನ ಹೆಂಡತಿ, ಒಬ್ಬಳು ಪುಟ್ಟ ಮಗಳು, ಮತ್ತೆ ಕೈಬದಲು ಒಯ್ದ ಸಾಮಾನನ್ನು ಹುಟ್ಟಿದಮೇಲೆ ಹಿಂತಿರುಗಿಸಿ ಗೊತ್ತಿಲ್ಲದ ಪಕ್ಕದ ಮನೆಯ ಅತ್ತೆ. ಇಷ್ಟೇ ಬಂಡವಾಳ. ಇಷ್ಟರಲ್ಲೇ ಇಡೀ ಊರನ್ನು ವರ್ಷಗಟ್ಟಲೆ ಹೊಟ್ಟೆ ಹಿಡಿದು ನಗಿಸಿದರು.

ಲಿಫ್ಟಣ್ಣನ ಮನೆಯಲ್ಲಿ ಟಿವಿ ಇರಲಿಲ್ಲ. ಕೆಲಸದಲ್ಲಿದ್ದ ಕಟ್ಟಡದಲ್ಲಿ ಮನೆಗೊಂದು ಟಿವಿ ಇತ್ತು. ಸಂಜೆ ಸೆಕೆಗೆ ಎಲ್ಲರೂ ಬಾಗಿಲು ತೆರೆದೇ ಇಡುತ್ತಿದ್ದರು. ಹಾಗೆಂದು ಒಂದು ಟಿವಿಯೂ ಬಾಗಿಲಿಗೆ ಮುಖ ಮಾಡಿರಲಿಲ್ಲ. ಹೀಗಾಗಿ ಅವನು ಆ ಧಾರಾವಾಹಿಯನ್ನು ಪೂರ್ತಿ ಕಿವಿಯಲ್ಲೇ ನೋಡಿದವನು. ಮೊದಲನೇ ಮಹಡಿಯ ಅಜ್ಜಿಗೆ ಕಿವಿ ಮಂದ, ದೇವರು ದೊಡ್ಡವನು, ಅಲ್ಲಿ ಎಲ್ಲವೂ ಸ್ಪಷ್ಟ. ಎರಡನೆಯದರಲ್ಲಿ ಗಂಡ ಹೆಂಡಿರ ಜಗಳದ ಮಧ್ಯೆ ಗುಮಾಸ್ತ ಹೇಳಿದ್ದು ಯಾವುದು, ಮನೆಯವರು ಹೇಳಿದ್ದು ಯಾವುದು ಎಂದು ಬಿಡಿಸಿಕೊಳ್ಳಬೇಕು. ಮೂರನೆಯದರಲ್ಲಿ ಒಬ್ಬ ಮಹಾಶಯ ಜೋಕು ಮುಗಿಯುವ ಮೊದಲೇ ನಕ್ಕು ಜೋಕನ್ನು ಮುಳುಗಿಸುತ್ತಿದ್ದ. ಹೀಗೆ ಮಹಡಿಗೊಂದು ತುಂಡು ಕೂಡಿಸಿಕೊಂಡು, ಕೆಲಸ ಮುಗಿಸಿ ಮನೆಗೆ ಹೋಗಿ, ಕೈಕಾಲು ತೊಳೆದು ಊಟಕ್ಕೆ ಕೂತು, ಮಗಳಿಗೆ ಆ ವಾರದ ಕಂತನ್ನು ಹೇಳುತ್ತಿದ್ದ. ಬರೀ ಹೇಳುವುದೇ? ಗುಮಾಸ್ತನಾಗಿ ಏದುಸಿರು ಬಿಡುತ್ತಿದ್ದ, ಹೆಂಡತಿಯಾಗಿ ಸೊಂಟಕ್ಕೆ ಕೈ ಕೊಡುತ್ತಿದ್ದ, ಪಕ್ಕದ ಮನೆಯ ಅತ್ತೆಯಾಗಿ ಮಗಳ ತಟ್ಟೆಯಿಂದಲೇ ಒಂದು ತುತ್ತು ಎಗರಿಸುತ್ತಿದ್ದ.

“ಊಟ ಮಾಡ್ತಾ ನಗಿಸಬೇಡಿ, ಮಗುಗೆ ನೆತ್ತಿಗೇರುತ್ತೆ” ಎಂದು ಹೆಂಡತಿ ಗದರುತ್ತಿದ್ದಳು. ಆಮೇಲೆ ತಾನೇ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. “ಇವರು ಹೇಳೋದರಲ್ಲಿ ಉಪ್ಪು ಖಾರ ಸ್ವಲ್ಪ ಜಾಸ್ತಿ ಕಣೇ” ಎಂದು ಒಮ್ಮೊಮ್ಮೆ ಮಗಳ ಕಿವಿಯಲ್ಲಿ ಹೇಳಿದ್ದೂ ಉಂಟು. ಉಪ್ಪು ಖಾರ ಇಲ್ಲದ್ದನ್ನು ಯಾವ ಮಗು ತಿಂದೀತು!

ಆ ಮಗಳಿಗೆ ಈಗ ಐವತ್ತು ದಾಟಿದೆ. ಅಪ್ಪನ ಬಾಯಲ್ಲಿ ಇವತ್ತಿಗೂ ಪುಟ್ಟಿ, ಆದ್ದರಿಂದ ನಾವೂ ಹಾಗೇ ಕರೆಯೋಣ. ಮದುವೆಯಾಗಿ ಹೋಗಿ, ಒಂದು ಪೆಟ್ಟಿಗೆಯೊಂದಿಗೆ ಅಪ್ಪನ ಮನೆಗೆ ವಾಪಸು ಬಂದವಳು. ಆ ಕಥೆ ಬೇರೆ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಅಮ್ಮ ತೀರಿಹೋಗಿ ಬಹಳ ವರ್ಷವಾಯಿತು. ಈಗ ಎರಡು ಕೋಣೆಯ ಮನೆಯಲ್ಲಿ ಅಪ್ಪ, ಮಗಳು. ಪುಟ್ಟಿ ಬೀದಿ ಕೊನೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಕಾಲರಿಗೆ ನೀರು ಚಿಮುಕಿಸಿ ಒತ್ತುವಾಗ ಅವಳ ಬಾಯಿ ಸುಮ್ಮನಿರುವುದಿಲ್ಲ. ಹಾಗೆ ಒಂದು ದಿನ ಗುಮಾಸ್ತನ ದನಿಯಲ್ಲಿ ಏನೋ ಗೊಣಗುತ್ತಿದ್ದಾಗ, ಸೀರೆ ಇಸ್ಕೊಂಡು ಹೋಗಲು ಬಂದ ನಿವೃತ್ತ ನರ್ಸಮ್ಮ ಕೌಂಟರಿನ ಆಚೆಯಿಂದ ಪಕ್ಕದ ಮನೆಯ ಅತ್ತೆಯ ದನಿಯಲ್ಲಿ ಉತ್ತರ ಕೊಟ್ಟರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಕಳೆದುಹೋದ ಅಕ್ಕ ತಂಗಿಯರಂತೆ ನಕ್ಕರು.

ನರ್ಸಮ್ಮನೇ ಅವಳನ್ನು ‘ಒಂದೇ ನಿಮಿಷ’ದ ಕೂಟಕ್ಕೆ ಕರೆದುಕೊಂಡು ಹೋದದ್ದು. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಒಂದಷ್ಟು ಜನ ಸೇರುತ್ತಿದ್ದರು. ಗೋಡೆಗೆ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ, ಮೂಲೆಯಲ್ಲಿ ಮಸೂರದ ಪೆಟ್ಟಿಗೆಗಳು, ಮಧ್ಯೆ ಫ್ಲಾಸ್ಕಿನಲ್ಲಿ ಚಹಾ. ಅಂಗಡಿಯವರು, ನರ್ಸಮ್ಮ, ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಮಾತು ಕಡಿಮೆಯ ಒಬ್ಬ ಬಡಗಿ, ಮತ್ತೆ ಬಂದು ಹೋಗುವ ಕೆಲವರು. ಇವರ ಕೆಲಸ ನೆನಪು ಮಾಡಿಕೊಳ್ಳುವುದು. ಏಕೆಂದರೆ ‘ಒಂದೇ ನಿಮಿಷ’ದ ಬಹುಪಾಲು ಈಗ ಉಳಿದಿಲ್ಲ. ಆಗ ಟೇಪು ದುಬಾರಿ. ಟಿವಿ ಕೇಂದ್ರದವರು ಪ್ರಸಾರ ಮುಗಿದ ಮೇಲೆ ಅದೇ ಟೇಪಿನ ಮೇಲೆ ವಾರ್ತೆ, ಹವಾಮಾನ ಎಲ್ಲ ತುಂಬಿಕೊಂಡರು. ಉಳಿದ ಬೆರಳೆಣಿಕೆಯ ಕಂತುಗಳನ್ನೇ ಆಗಾಗ ಮರುಪ್ರಸಾರ ಮಾಡುತ್ತಿದ್ದರು. ಅಳಿಸಿಹೋದವು ಇದ್ದದ್ದು ಇಂಥವರ ತಲೆಯೊಳಗೆ ಮಾತ್ರ.

ಗುಮಾಸ್ತನ ಕೋಟಿನ ಎರಡನೇ ಗುಂಡಿ ಮೊದಲ ಕಂತಿನಿಂದ ಕೊನೆಯವರೆಗೂ ಇರಲಿಲ್ಲ. ಗೋಡೆ ಗಡಿಯಾರ ಸದಾ ಒಂದೇ ಹೊತ್ತು ತೋರಿಸುತ್ತಿತ್ತು. ಪಕ್ಕದ ಮನೆಯ ಅತ್ತೆಯ ಪಾತ್ರ ಮಾಡಿದವಳು, ಒಂದೆರಡು ಕಂತಿನಲ್ಲಿ ಬಂದ ಅವಳ ಮಗನ ಪಾತ್ರ ಮಾಡಿದವನಿಗಿಂತ ಚಿಕ್ಕವಳು. ಇಂಥ ವಿಷಯಕ್ಕೆ ಈ ದೊಡ್ಡ ಮನುಷ್ಯರು ಮೇಜು ಗುದ್ದಿ ಜಗಳವಾಡುತ್ತಿದ್ದರು. ಜಗಳ ಹದ್ದುಮೀರಬಾರದೆಂದು ಮೇಷ್ಟ್ರು ಒಂದು ನಿಯಮ ಮಾಡಿದ್ದರು. ಒಬ್ಬರು ಹೇಳಿದ ನೆನಪನ್ನು ಇನ್ನೊಬ್ಬರು ‘ನಾನೂ ನೋಡಿದ್ದೆ’ ಎಂದು ಸಾಕ್ಷಿ ಹೇಳಿದರೆ ಮಾತ್ರ ಅದು ಪಕ್ಕಾ. ಒಳ್ಳೆಯ ನಿಯಮವೇ. ಆದರೆ ಮನುಷ್ಯನ ಆಸೆಯನ್ನು ಮೇಷ್ಟ್ರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಪುಟ್ಟಿ ಬಂದ ಮೇಲೆ ಕೂಟಕ್ಕೆ ಕಳೆ ಬಂತು. ಅವಳ ಹತ್ತಿರ ಯಾರೂ ಕೇಳದ ಕಂತುಗಳಿದ್ದವು. “ನಾವು ಅಪ್ಪ ಮಗಳು ಒಂದು ವಾರಾನೂ ತಪ್ಪಿಸಿದವರಲ್ಲ” ಎಂದಿದ್ದಳು. ಅದು ಸುಳ್ಳಲ್ಲ. ಆಗ ಮನೆಯಲ್ಲಿ ಟಿವಿ ಇತ್ತೇ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರುಪ್ರಸಾರದಲ್ಲಿ ಬಂದ ಕಂತುಗಳಲ್ಲಿ ಅಪ್ಪ ಹೇಳಿದ ಕೆಲವು ಸಂಗತಿ ಇರುತ್ತಿರಲಿಲ್ಲ, ನಿಜ. ಅದೆಲ್ಲ ಅಳಿಸಿಹೋದ ಬೇರೆ ಕಂತಿನದಿರಬೇಕು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಮನೆಗೂ ಒಂದು ಟಿವಿ ಬಂದಿತ್ತು, ಆದರೆ ಮರುಪ್ರಸಾರ ಶುರುವಾದರೆ ಸಾಕು, ಅಪ್ಪ ಮಾತ್ರ ಕಣ್ಣು ಉರಿಯುತ್ತೆ ಎಂದು ಚಪ್ಪಲಿ ಮೆಟ್ಟಿ ಹೊರಗೆ ನಡೆದುಬಿಡುತ್ತಿದ್ದ.

ಅವಳು ಹೇಳಿದ್ದರಲ್ಲೆಲ್ಲ ಕೂಟದವರ ಜೀವ ಹಿಂಡಿದ್ದು ‘ಬಾಗಿಲಾಚೆಯ ಚಪ್ಪಾಳೆ’. ಆ ಹೆಸರನ್ನೂ ಅವರೇ ಇಟ್ಟದ್ದು. ಅಳಿಸಿಹೋದ ಒಂದು ಕಂತು. ಗುಮಾಸ್ತನ ಮಗಳು ಶಾಲೆಯ ನಾಟಕದಲ್ಲಿ ಪಾರ್ಟು ಮಾಡುತ್ತಾಳೆ, ಅಪ್ಪ ಎಂದಿನಂತೆ ತಡ. ಇಷ್ಟು ಎಲ್ಲರಿಗೂ ನೆನಪಿತ್ತು. ಮುಂದಿನದು ಪುಟ್ಟಿಯದು. ಗುಮಾಸ್ತ ಮನೆಗೆ ಬಂದಾಗ ಮಗಳು ಸಿಟ್ಟಿನಿಂದ ಒಳಕೋಣೆಯ ಚಿಲಕ ಹಾಕಿಕೊಂಡಿರುತ್ತಾಳೆ. ಅವನು ಬಾಗಿಲು ಬಡಿಯುವುದಿಲ್ಲ. ಹೊರಗೆ ನೆಲದ ಮೇಲೆ ಕೂತು ತಾನೊಬ್ಬನೇ ಇಡೀ ಸಭೆಯಾಗುತ್ತಾನೆ. ದೊಡ್ಡ ಟೀಚರಾಗಿ ಗಂಟಲು ಸರಿಮಾಡಿಕೊಳ್ಳುತ್ತಾನೆ, ಮುಂದಿನ ಸಾಲಿನ ಮುದುಕನಾಗಿ ಕೆಮ್ಮುತ್ತಾನೆ, ಅತಿಥಿಯಾಗಿ ಗೊರಕೆ ಹೊಡೆಯುತ್ತಾನೆ, ಹಿಂದಿನ ಸಾಲಿನ ಪೋಕರಿಯಾಗಿ ಸಿಳ್ಳೆ ಹಾಕುತ್ತಾನೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಕಾಲಿನ ಬೆರಳು ಕಾಣುತ್ತವೆ. ಒಳಗಿನಿಂದ ಮಗಳು ಮೊದಲು ಮೂಗು ಎಳೆಯುತ್ತಾಳೆ, ಆಮೇಲೆ ನಗು ತಡೆಯುತ್ತಾಳೆ, ಕೊನೆಗೆ ನಾಟಕದ ತನ್ನ ಮಾತನ್ನು ಹೇಳುತ್ತಾಳೆ. ಅವನೊಬ್ಬನೇ ಹೊಡೆದ ಚಪ್ಪಾಳೆಗೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ.

ಪುಟ್ಟಿ ಇದನ್ನು ಹೇಳಿ ಮುಗಿಸಿದಾಗ ನರ್ಸಮ್ಮ ಕಣ್ಣು ಒರೆಸಿಕೊಂಡರು. “ನಾನೂ ನೋಡಿದ್ದೆ. ಆವತ್ತೂ ಹೀಗೇ ಅತ್ತಿದ್ದೆ” ಎಂದರು. ಮೇಷ್ಟ್ರು ಒಂದು ಹೆಜ್ಜೆ ಮುಂದೆ ಹೋದರು. “ನನಗೆ ಚೆನ್ನಾಗಿ ನೆನಪಿದೆ. ನಮ್ಮನೇಲಿ ಕರೆಂಟು ಹೋಗಿತ್ತು, ಸರಿಯಾಗಿ ಆ ಗೊರಕೆ ಹೊತ್ತಿಗೆ ಬಂತು” ಎಂದರು. ಒಂದಲ್ಲ, ಎರಡು ಸಾಕ್ಷಿ. ‘ಬಾಗಿಲಾಚೆಯ ಚಪ್ಪಾಳೆ’ ಪಕ್ಕಾ ಆಯಿತು. ಅಂದಿನಿಂದ ಹೊಸಬರು ಯಾರು ಬಂದರೂ ಪುಟ್ಟಿ ಅದನ್ನು ಹೇಳಲೇಬೇಕು. ಬಾಳಿನಲ್ಲಿ ಮೊದಲ ಸಲ ಅವಳು ಬರುವವರೆಗೆ ಚಹಾ ಬಗ್ಗಿಸದೆ ಕಾಯುವ ಜನ ಸಿಕ್ಕಿದ್ದರು.

ಹೀಗಿರುವಾಗ ಟೇಪು ಸಿಕ್ಕಿತು. ಆ ಕಾಲದಲ್ಲಿ ಟಿವಿ ಕೇಂದ್ರದಲ್ಲಿ ಕೆಲಸ ಮಾಡಿದ್ದ ಯಾರದೋ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿತ್ತಂತೆ. ಕನ್ನಡಕದಂಗಡಿಯವರು ಅದನ್ನು ಎದೆಗವಚಿಕೊಂಡು ತಂದರು. ಮೇಲಿನ ಚೀಟಿ ಓದಿ ಎಲ್ಲರೂ ಕುಣಿದಾಡಿದರು. ಅದೇ ಕಂತು, ಶಾಲೆಯ ನಾಟಕದ್ದು. ಮುಂದಿನ ಭಾನುವಾರ ಎಲ್ಲರೂ ಸೇರಿ ನೋಡುವುದೆಂದು ಗೊತ್ತಾಯಿತು. “ನಿಮ್ಮ ತಂದೆಯವರನ್ನೂ ಕರಕೊಂಡು ಬರಬೇಕು, ಮುಂದಿನ ಸಾಲು ಅವರಿಗೇ” ಎಂದರು ಅಂಗಡಿಯವರು. ಪುಟ್ಟಿ ಅವತ್ತು ಮನೆಗೆ ನಡೆದು ಹೋದಳೋ ಹಾರಿ ಹೋದಳೋ ಅವಳಿಗೇ ಗೊತ್ತಿಲ್ಲ.

ವಾರದ ಮಧ್ಯೆ ಬಡಗಿ ಲಾಂಡ್ರಿಗೆ ಬಂದ. ಅಂಗಿ ತೆಗೆದುಕೊಂಡವನು ಹೋಗದೆ ಕೌಂಟರಿನ ಮರವನ್ನು ಉಗುರಿನಲ್ಲಿ ಕೆರೆಯುತ್ತಾ ನಿಂತ.

“ತಂಗಿ, ಒಂದು ಮಾತು. ತಪ್ಪು ತಿಳ್ಕೋಬೇಡ.”

“ಹೇಳಿ ಅಣ್ಣ.”

“ಆ ಧಾರಾವಾಹಿಯ ಮನೆ ಇತ್ತಲ್ಲ, ಆ ಸೆಟ್ಟು, ಅದನ್ನ ಕಟ್ಟಿದ್ದು ನಮ್ಮಣ್ಣ. ಹಲಗೆ ಹಿಡಿದುಕೊಳ್ಳೋಕೆ ನಾನೂ ಹೋಗ್ತಿದ್ದೆ. ಇದ್ದದ್ದು ಒಂದು ನಡುಮನೆ ಅಷ್ಟೆ. ಒಳಕೋಣೆ ಬಾಗಿಲು ಅಂತ ಇತ್ತಲ್ಲ, ಅದರ ಹಿಂದೆ ಕೋಣೆ ಇರಲಿಲ್ಲ. ಒಂದು ಗೇಣು ಜಾಗ ಬಿಟ್ಟು ಇಟ್ಟಿಗೆ ಗೋಡೆ. ಪಾತ್ರದವರು ತಮ್ಮ ಸರದಿ ಬರೋವರೆಗೂ ಅಲ್ಲಿ ಉಸಿರು ಬಿಗಿಹಿಡಿದು ನಿಲ್ತಿದ್ರು.”

ಪುಟ್ಟಿಗೆ ತಕ್ಷಣ ತಲೆಗೆ ಹೋಗಲಿಲ್ಲ. “ಅದಕ್ಕೇನೀಗ?” ಎಂದಳು.

“ನೀನು ಹೇಳ್ತೀಯಲ್ಲ, ಬಾಗಿಲ ಸಂದೀಲಿ ಬೆರಳು ಕಾಣುತ್ತೆ ಅಂತ. ಅದು ಕಾಣಬೇಕಾದರೆ ಕ್ಯಾಮೆರಾ ಕೋಣೆ ಒಳಗಡೆ ಇರಬೇಕು. ಒಳಗಡೆ ಅನ್ನೋದೇ ಇರಲಿಲ್ಲ ತಂಗಿ.” ಅವನು ದನಿ ತಗ್ಗಿಸಿದ. “ಎಲ್ಲರೂ ನೋಡಿದ್ದೀವಿ ಅಂದ್ರಲ್ಲ, ನನಗೇ ಮರೆವು ಅಂದುಕೊಂಡು ಸುಮ್ಮನಿದ್ದೆ. ಈಗ ಟೇಪು ಬಂದಿದೆ. ನಾಲ್ಕು ಜನರ ಮುಂದೆ ನಿನಗೆ ಮುಜುಗರ ಆಗಬಾರದು. ಬೇಕಾದರೆ ಭಾನುವಾರ ಜ್ವರ ಅಂದುಬಿಡು.”

ಅವನು ಹೋದ ಮೇಲೆ ಪುಟ್ಟಿ ಇಸ್ತ್ರಿ ಪೆಟ್ಟಿಗೆಯನ್ನು ಒಂದು ಬಿಳಿ ಅಂಗಿಯ ಮೇಲೆ ಮರೆತಳು. ಸುಟ್ಟ ವಾಸನೆ ಬಂದ ಮೇಲೆಯೇ ಎಚ್ಚರವಾದದ್ದು. ಈ ಕೆಲಸಕ್ಕೆ ಸೇರಿದ ಮೇಲೆ ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದು ಅದೇ ಮೊದಲು.

ಕೂಟದವರು ನಕ್ಕರೆ ನಗಲಿ, ಹೇಗೋ ಸಹಿಸಬಹುದು. ಅವಳ ಎದೆಗೆ ಚುಚ್ಚಿದ್ದು ಬೇರೆ. ಅದೊಂದು ದೃಶ್ಯ ಸುಳ್ಳಾದರೆ ಅಪ್ಪ ಹೇಳಿದ್ದರಲ್ಲಿ ಇನ್ನೆಷ್ಟು ಸುಳ್ಳು? ಬೇರೆ ಮಕ್ಕಳಿಗೆ ಗೊಂಬೆಯಿತ್ತು, ಸೈಕಲ್ಲಿತ್ತು. ಅವಳಿಗೆ ವಾರಕ್ಕೊಂದು ಊಟದ ಹೊತ್ತು ಇತ್ತು. ಆ ಹೊತ್ತನ್ನು ಹಿಡಿದುಕೊಂಡೇ ಅವಳು ಗಂಡನ ಮನೆಯ ದಿನಗಳನ್ನೂ ದಾಟಿ ಬಂದಿದ್ದಳು. ಅದನ್ನೂ ಯಾರೋ ಬಂದು ಖೋಟಾ ಎಂದರೆ ಅವಳ ಕೈಯಲ್ಲಿ ಉಳಿಯುವುದೇನು?

ಸಂಜೆ ಅಪ್ಪನಿಗೆ ಚಹಾ ಕೊಟ್ಟು ಕೇಳಿದಳು. “ಅಪ್ಪ, ಆ ಗುಮಾಸ್ತ ಬಾಗಿಲ ಹೊರಗೆ ಕೂತು ಚಪ್ಪಾಳೆ ಹೊಡೆದದ್ದು, ಅದನ್ನ ಯಾವ ಮಹಡೀಲಿ ಕೇಳಿಸಿಕೊಂಡೆ?”

ಅಪ್ಪ ಲೋಟದೊಳಗೆ ನೋಡಿದ. “ಯಾವ ಕಾಲದ್ದೋ. ಯಾರಿಗೆ ನೆನಪಿರುತ್ತೆ?”

“ಭಾನುವಾರ ಅದೇ ಕಂತು ಹಾಕ್ತಾರೆ. ನೀನೂ ಬರಬೇಕಂತೆ.”

ಲೋಟ ಕೆಳಗಿಟ್ಟ. “ನನಗೆ ಕಿವಿ ಸರಿಯಾಗಿ ಕೇಳಲ್ಲ, ನಾನು ಬರಲ್ಲ. ನೀನೂ ಹೋಗಬೇಡ ಪುಟ್ಟಿ. ಹಳೇದನ್ನ ಕೆದಕಿ ಏನಾಗಬೇಕು?”

ಅವಳಿಗೆ ಉತ್ತರ ಸಿಕ್ಕಂತಾಯಿತು. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎರಡು ದಿನ ಅಪ್ಪನ ಜೊತೆ ಅಳೆದು ತೂಗಿ ಮಾತಾಡಿದಳು. ಜ್ವರದ ನೆಪ ಹೇಳುವುದು ಸುಲಭವಿತ್ತು. ಆದರೆ ಹಾಗೆ ಮಾಡಿದರೆ ಅಪ್ಪನ ಪ್ರತಿಯೊಂದು ಮಾತನ್ನೂ ಸಾಯುವವರೆಗೆ ಅನುಮಾನದಿಂದ ನೋಡಬೇಕಾಗುತ್ತದೆ ಎನ್ನಿಸಿತು. ಭಾನುವಾರ ಸೀರೆ ಉಟ್ಟು ಹೊರಟಾಗ, ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸ್ತಿಲಲ್ಲಿ ನಿಂತಿದ್ದ. “ಒಬ್ಬಳೇ ಹೋಗಬೇಡ” ಎಂದ.

ಕನ್ನಡಕದಂಗಡಿಯ ಹಿಂದಿನ ಕೋಣೆ ತುಂಬಿತ್ತು. ಲಿಫ್ಟಣ್ಣನನ್ನು ಕಣ್ಣು ಪರೀಕ್ಷೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಕಿವಿ ಮಂದವೆಂದು ತಿಳಿದು ಟಿವಿಯ ದನಿ ಏರಿಸಿದರು. ಪುಟ್ಟಿ ಅವನ ಹಿಂದೆ ಗೋಡೆಗೆ ಒರಗಿ ನಿಂತಳು. ಬಡಗಿ ಅವಳನ್ನು ನೋಡಿ ತಲೆ ತಗ್ಗಿಸಿದ.

ಕಂತು ಶುರುವಾಯಿತು. ಕೋಣೆಯ ತುಂಬ ನಗು. ಲಿಫ್ಟಣ್ಣ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಇಷ್ಟು ವರ್ಷ ದನಿಯಲ್ಲೇ ಬದುಕಿದ್ದವರು ಈಗ ಮುಖ ಹೊತ್ತು ಬಂದಿದ್ದರು. “ಅಯ್ಯೋ, ಇವನು ಇಷ್ಟು ಕುಳ್ಳನಾ!” ಎಂದ ಜೋರಾಗಿ. ನರ್ಸಮ್ಮ ಆಶ್ಚರ್ಯದಿಂದ ತಿರುಗಿ ನೋಡಿದರು. ಒಂದು ವಾರವೂ ತಪ್ಪಿಸದೆ ನೋಡಿದ ಮನುಷ್ಯನಿಗೆ ಗುಮಾಸ್ತ ಕುಳ್ಳನೆಂದು ಗೊತ್ತಿಲ್ಲವೇ? ಪುಟ್ಟಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಗುಮಾಸ್ತ ಬಸ್ಸು ತಪ್ಪಿಸಿಕೊಂಡ, ತಪ್ಪು ಶಾಲೆಗೆ ಹೋದ, ಅಲ್ಲಿ ಯಾರದೋ ಮಗುವಿಗೆ ಚಪ್ಪಾಳೆ ತಟ್ಟಿದ. ಸರಿಯಾದ ಶಾಲೆಗೆ ಬರುವ ಹೊತ್ತಿಗೆ ಸಭಾಂಗಣ ಖಾಲಿ. ಕಾವಲುಗಾರ ಒಳಗೆ ಯಾರೂ ಇಲ್ಲವೆಂದುಕೊಂಡು ಬೀಗ ಹಾಕಿದ. ಗುಮಾಸ್ತ ಖಾಲಿ ಕುರ್ಚಿಗಳ ಮಧ್ಯೆ ನಿಂತು, ಹೊರಗೆ ಹೋಗಲಾರದೆ, ಕಿಟಕಿಯ ಕಡೆ ತಿರುಗಿ, “ಒಂದೇ ನಿಮಿಷ, ಬಂದೆ!” ಎಂದು ಕೂಗಿದ. ಹಿನ್ನೆಲೆಯಲ್ಲಿ ಜನ ಬಿದ್ದು ಬಿದ್ದು ನಕ್ಕರು. ಹೆಸರುಗಳು ಮೇಲೇರಿದವು. ಕಂತು ಮುಗಿಯಿತು.

ಬಾಗಿಲೂ ಇಲ್ಲ, ಚಪ್ಪಾಳೆಯೂ ಇಲ್ಲ. ಟೇಪು ತುಂಡಾಗಿಯೂ ಇರಲಿಲ್ಲ. ಕರೆಂಟಿನ ಸಾಕ್ಷಿ ಹೇಳಿದ್ದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದು. “ಬೇರೆ ಕಂತಿನಲ್ಲಿ ಇತ್ತೋ ಏನೋ...” ಎಂದು ನರ್ಸಮ್ಮ ತೇಲಿಸಿದರು. ಯಾರೂ ಪುಟ್ಟಿಯ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದರು. ನೋಡುವುದಕ್ಕಿಂತ ಅದೇ ಅವಳಿಗೆ ಕಷ್ಟವಾಗಿತ್ತು.

ಆಗ ಲಿಫ್ಟಣ್ಣ ಖಾಲಿ ಪರದೆಯನ್ನೇ ನೋಡುತ್ತಾ ಮಾತಾಡಿದ. ಯಾರಿಗೆ ಹೇಳುತ್ತಿದ್ದೇನೆ ಎಂದು ಅವನಿಗೂ ಗೊತ್ತಿರಲಿಲ್ಲ.

“ಅವನು ಮನೆಗೆ ಹೋಗಲೇ ಇಲ್ಲ ನೋಡಿ. ಆವತ್ತೂ ಇಲ್ಲಿಗೇ ಮುಗಿಸಿಬಿಟ್ರು. ಐದನೇ ಮಹಡೀಲಿ ಎಲ್ಲರೂ ಹೀಗೇ ನಗ್ತಿದ್ರು. ನನಗೆ ನಗು ಬರಲಿಲ್ಲ.”

“ನೀವು ಎಲ್ಲಿ ನೋಡ್ತಿದ್ರಿ ಯಜಮಾನರೇ?” ಎಂದರು ಅಂಗಡಿಯವರು ಮೆಲ್ಲಗೆ.

“ನೋಡಲಿಲ್ಲ. ಲಿಫ್ಟಲ್ಲಿ ಕೂತು ಕೇಳಿಸಿಕೊಳ್ತಿದ್ದೆ. ನಮ್ಮನೇಲಿ ಟಿವಿ ಇರಲಿಲ್ಲ.” ಅವನು ಹಾಗೇ ಮುಂದುವರಿಸಿದ. “ಅದೇ ವಾರ ಇವಳ ಶಾಲೇಲೂ ನಾಟಕ ಇತ್ತು. ಬಂದೇ ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ಹೊರಡೋ ಹೊತ್ತಿಗೆ ಲಿಫ್ಟು ನಡುವೆ ನಿಂತುಹೋಯ್ತು, ಒಳಗೆ ಜನ ಇದ್ರು. ಹೇಗೆ ಬಿಟ್ಟು ಬರಲಿ? ಮೂರು ದಿನ ಮಾತಾಡಲಿಲ್ಲ ಇವಳು ನನ್ನ ಹತ್ತಿರ. ಆಮೇಲೆ ಈ ಕಂತು ಬಂತು. ಅಪ್ಪ ಬರಲಿಲ್ಲ, ಎಲ್ಲರೂ ನಕ್ಕರು, ಮುಗೀತು. ಇದನ್ನ ತಗೊಂಡು ಹೋಗಿ ನನ್ನ ಮಗುಗೆ ಹೇಗೆ ಹೇಳಲಿ?”

ಗೋಡೆಗೆ ಒರಗಿದ್ದ ಪುಟ್ಟಿ ನೆಟ್ಟಗೆ ನಿಂತಳು. ಉಳಿದ ಎಲ್ಲ ಕಂತುಗಳೂ ಅವಳಿಗೆ ತಟ್ಟೆಯ ಜೊತೆ ನೆನಪು: ಅಪ್ಪ ಎದುರಿಗೆ, ಅಮ್ಮ ಪಕ್ಕಕ್ಕೆ. ಈ ಒಂದು ಕಂತಿನಲ್ಲಿ ತಟ್ಟೆ ಎಲ್ಲಿತ್ತು? ತಟ್ಟೆ ಇರಲಿಲ್ಲ. ಅವಳು ಆವತ್ತು ಊಟಕ್ಕೇ ಬಂದಿರಲಿಲ್ಲ. ಒಳಕೋಣೆಯ ಚಿಲಕ ಹಾಕಿಕೊಂಡು ನೆಲದ ಮೇಲೆ ಕವುಚಿ ಮಲಗಿದ್ದಳು. ಹೊರಗೆ ಯಾರೋ ಕೆಮ್ಮಿದ್ದರು, ಗೊರಕೆ ಹೊಡೆದಿದ್ದರು, ಸಿಳ್ಳೆ ಹಾಕಿದ್ದರು. ಬಾಗಿಲ ಕೆಳಗಿನ ಸಂದಿಯಲ್ಲಿ ಕಂಡ ಬೆರಳು ಗುಮಾಸ್ತನದಲ್ಲ, ಲಿಫ್ಟಿನ ಕಬ್ಬಿಣದ ಬಾಗಿಲಿಗೆ ಸಿಕ್ಕಿ ಉಗುರು ಕಪ್ಪಾಗಿದ್ದ ಅಪ್ಪನದು. “ಗುಮಾಸ್ತನ ಮಗಳು ಏನಂದಳು ಅಂತ ನನಗೆ ಕೇಳಿಸಲಿಲ್ಲ ಪುಟ್ಟಿ, ಅಷ್ಟರಲ್ಲಿ ಲಿಫ್ಟು ಮೇಲೆ ಹೋಯ್ತು. ನೀನೇ ಏನಾದರೂ ಹೇಳು” ಎಂದಿದ್ದ. ಅವಳು ತನ್ನ ನಾಟಕದ ಮಾತನ್ನು ಒಳಗಿನಿಂದ ಹೇಳಿದ್ದಳು. ಆಮೇಲೆ ಚಪ್ಪಾಳೆ. ನಿಜವಾಗಿಯೂ ಪಕ್ಕದ ಮನೆಯವರು ಗೋಡೆ ಬಡಿದಿದ್ದರು. ಇಷ್ಟು ವರ್ಷ ಅವಳು ಟಿವಿಯದೆಂದು ಹೇಳಿಕೊಂಡು ಬಂದದ್ದು ತನ್ನದೇ ಮನೆಯಲ್ಲಿ ತನಗಾಗಿಯೇ ನಡೆದದ್ದು.

ಅವಳು ಕುರ್ಚಿಯ ಮುಂದೆ ಬಂದು, ಕೆಳಗೆ ಕೂತು, ಅಪ್ಪನ ಮಂಡಿ ಹಿಡಿದುಕೊಂಡಳು. ಅತ್ತಳು. ನಾಚಿಕೆಪಡದೆ, ಮೂಗು ಸೊರಸೊರ ಎನ್ನಿಸುತ್ತಾ ಅತ್ತಳು.

“ನಾಲ್ಕು ಜನರ ಮುಂದೆ ನಿನ್ನ ತಲೆ ತಗ್ಗಿಸಿಬಿಟ್ಟೆ ಮಗಾ” ಎಂದ ಅಪ್ಪ.

“ಸುಮ್ಮನಿರಪ್ಪ. ನನಗೆ ಈಗ ನೆನಪಾಯ್ತು. ಎಲ್ಲಾ ನೆನಪಾಯ್ತು” ಎಂದಳು. ಆಮೇಲೆ ಎದ್ದು ಕೂಟದವರ ಕಡೆ ತಿರುಗಿದಳು. “ಅದು ಧಾರಾವಾಹೀಲಿ ಬಂದದ್ದಲ್ಲ. ನಮ್ಮನೇಲಿ ನಡೆದದ್ದು. ಒಳಗಿದ್ದ ಹುಡುಗಿ ನಾನೇ. ನೀವೆಲ್ಲ ಕ್ಷಮಿಸಬೇಕು, ಗೊತ್ತಿಲ್ಲದೆ ಹೇಳಿಬಿಟ್ಟೆ.”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಗಂಟಲು ಸರಿಮಾಡಿಕೊಂಡರು. “ನೀವು ಹೇಳಿದ್ದಾದರೂ ನಡೆದದ್ದು. ನಾನು ನೋಡಿದ್ದೆ ಅಂದೆನಲ್ಲ, ನನ್ನ ಮುಖ ಎಲ್ಲಿಟ್ಟುಕೊಳ್ಳಲಿ?” ಎಂದರು. ಮೊದಲು ನರ್ಸಮ್ಮ, ಆಮೇಲೆ ಎಲ್ಲರೂ ನಕ್ಕರು. ಬಡಗಿಯಂತೂ ಬೆನ್ನು ಗೋಡೆಗೆ ಕೊಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ನಕ್ಕು ಮುಗಿದ ಮೇಲೆ ಅವನೇ ಕೇಳಿದ.

“ತಂಗಿ, ಇಷ್ಟು ಸಲ ಹೇಳಿದ್ದೀಯ, ಆ ಹುಡುಗಿ ಒಳಗಿನಿಂದ ಏನು ಹೇಳಿದಳು ಅಂತ ಒಂದು ಸಲಾನೂ ಹೇಳಲಿಲ್ಲವಲ್ಲ. ಏನು ಪಾರ್ಟು ನಿನ್ನದು?”

“ಮೋಡದ್ದು” ಎಂದಳು ಪುಟ್ಟಿ.

“ಹೇಳು ನೋಡೋಣ.”

“ಅಯ್ಯೋ, ಯಾವ ಕಾಲದ್ದಣ್ಣ ಅದು!” ಎಂದಳು. ಆದರೆ ಮಾತು ಆಗಲೇ ಗಂಟಲಿಗೆ ಬಂದು ನಿಂತಿತ್ತು. ನರ್ಸಮ್ಮ ಟಿವಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಪುಟ್ಟಿ ಅಕ್ಷರದ ಹಲಗೆಯ ಮುಂದೆ ನಿಂತು, ಐವತ್ತು ದಾಟಿದ ಇಸ್ತ್ರಿಯ ಕೈಗಳನ್ನು ಎರಡು ಕಡೆಗೂ ಚಾಚಿ, ಎಲ್ಲ ಮಕ್ಕಳೂ ಹೇಳುವ ಆ ಒಂದೇ ರಾಗದಲ್ಲಿ ಹೇಳಿದಳು.

“ನಾನೊಂದು ಸಣ್ಣ ಮೋಡ. ಗಾಳಿ ಕರೆದ ಕಡೆ ಹೋಗುವೆ. ಬೆಟ್ಟ ಅಡ್ಡ ಬಂದರೆ ಬಳಸಿ ಹೋಗುವೆ. ಬಾಯಾರಿದವರು ಕೂಗಿದರೆ ಮಾತ್ರ ನಿಲ್ಲುವೆ.”

ಅಲ್ಲಿಗೆ ನಿಂತಳು. ಕೂಟದವರು ಮುಗಿಯಿತೆಂದುಕೊಂಡು ಚಪ್ಪಾಳೆಗೆ ಕೈ ಎತ್ತಿದರು. ಅಷ್ಟರಲ್ಲಿ ದೊಡ್ಡ ಕುರ್ಚಿಯಲ್ಲಿದ್ದ ಲಿಫ್ಟಣ್ಣ ಹಿಂದಕ್ಕೆ ತಿರುಗಿ ಅಂಗೈ ಅಡ್ಡ ಹಿಡಿದ.

“ತಡೀರಿ, ತಡೀರಿ. ಇನ್ನೂ ಮುಗಿದಿಲ್ಲ” ಎಂದ. “ಇನ್ನೊಂದು ಸಾಲಿದೆ. ಹೇಳ್ತಾಳೆ.”